ಇಲ್ಲದವರ ಪಟ್ಟಿಯಲ್ಲಿ ಲಿಂಗಮ್ಮ

ಮಲ್ಲತ್ತಹಳ್ಳಿಯಲ್ಲಿ ಲಿಂಗಮ್ಮನವರ ಹಳೇ ದನದ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು ಕವನಾ ಎರಡು ವರ್ಷ ಕೆಲಸ ಮಾಡಿದಳು. ಕನ್ನಡಿಯ ಹಿಂಬದಿಯ ಲೇಪವನ್ನು ಬ್ಲೇಡಿನಿಂದ ಎಳೆಎಳೆಯಾಗಿ ಕೆರೆದು, ಅಲ್ಲಿ ಊರಿನ ಹಳೇ ರೈತರ ಫೋಟೊ ಅಂಟಿಸುವುದು ಅವಳ ಕಲೆ. ಎದುರು ನಿಂತವರ ಮುಖ ಫೋಟೊದ ಮುಖವನ್ನು ಅರ್ಧ ನುಂಗಿಬಿಡುತ್ತಿತ್ತು. ಹೊಲ ಹೋಗಿ ಲೇಔಟ್ ಬಂದ ಮೇಲೆ ಈ ಜನ ಅಳಿಸಿಹೋದರು ಎಂಬುದು ಅದರ ಅರ್ಥ. ಹದಿನಾಲ್ಕು ಕನ್ನಡಿಗಳಿಗೂ ಸೇರಿ ‘ಇಲ್ಲದವರು’ ಎಂದು ಹೆಸರಿಟ್ಟಳು.

ರಾಜಾಜಿನಗರದಲ್ಲಿ ಪ್ರದರ್ಶನ ಶುರುವಾಯಿತು. ಫೋಟೊದಲ್ಲಿದ್ದ ಒಬ್ಬರನ್ನೂ ಕರೆಯಬೇಕೆಂದು ಕವನಾಳಿಗೆ ಹೊಳೆದಿರಲಿಲ್ಲ. ಕನ್ನಡಿ ಸಾಗಿಸಿದ ಟೆಂಪೊದವನಿಂದ ಸುದ್ದಿ ತಿಳಿದು ಲಿಂಗಮ್ಮ ತಾವೇ ಆಟೊ ಹಿಡಿದು ಬಂದರು. ತಮ್ಮ ಫೋಟೊ ಇದ್ದ ಕನ್ನಡಿಯ ಮುಂದೆ ನಿಂತು ಕುಂಕುಮ ಸರಿಮಾಡಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ‘ಇಲ್ಲದವರು’ ಎಂಬ ಚೀಟಿ ಓದಿದರು.

“ಕವನಾ, ಇಲ್ಲಿ ಬಾಮ್ಮ. ನಾನು ಯಾವಾಗ ಸತ್ತೆ?”

“ಹಾಗಲ್ಲ ಆಂಟಿ. ನಿಮ್ಮ ಪ್ರಪಂಚ ಅಳಿಸಿಹೋಯ್ತು ಅಂತ...”

“ಎಲ್ಲಿ ಹೋಯ್ತು? ನೀನು ಕೂತು ಕನ್ನಡಿ ಕೆರೀತಿದ್ಯಲ್ಲ, ಆ ಕೊಟ್ಟಿಗೆ ಯಾರ್ದು?”

ಹತ್ತಿರವಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಲಿಂಗಮ್ಮ ಅವರನ್ನೇ ಕರೆದುಕೊಂಡು ಕನ್ನಡಿಯಿಂದ ಕನ್ನಡಿಗೆ ಹೊರಟರು. “ಇವ್ರು ದೊಡ್ಡಣ್ಣ, ನಮ್ ಭಾವ. ಈಗ ಹಾರ್ಡ್‌ವೇರ್ ಅಂಗ್ಡಿ ಇಟ್ಟಿದಾರೆ. ಇವ್ಳು ನಮ್ ಓರಗಿತ್ತಿ, ಬೆಳಿಗ್ಗೆ ತಾನೇ ನಂಜೊತೆ ಜಗಳ ಆಡಿದ್ಲು.” ಜನ ಹೆಚ್ಚಿದರು, ನಕ್ಕರು. ಕೊನೆಯಲ್ಲಿ ಚಪ್ಪಾಳೆ ಹೊಡೆದರು.

ಗ್ಯಾಲರಿ ನೋಡಿಕೊಳ್ಳುತ್ತಿದ್ದ ರೇವಂತ್ ಕವನಾಳ ಬಳಿ ಓಡಿಬಂದ. “ಸತ್ತೋರು ಅಂದ್ಕೊಂಡಿರೋವಾಗ ಅವರನ್ನೇ ಒಳಗೆ ಕರ್ಕೊಂಡ್ ಬರೋದು! ಎಂಥಾ ಐಡಿಯಾ ಮೇಡಂ! ಮೊದ್ಲೇ ಪ್ಲಾನ್ ಮಾಡಿದ್ರಾ?”

ಕವನಾ ತಲೆಯಾಡಿಸಿದಳು. “ಹೌದು, ಇಡೀ ಕೃತಿ ಇರೋದೇ ಅದರ ಮೇಲೆ” ಎಂದಳು. ಹೇಳಿದ ಮೇಲೆ ಕಿವಿ ಬಿಸಿಯಾಯಿತು.

ಮರುದಿನ ಪತ್ರಿಕೆಯಲ್ಲಿ ಲಿಂಗಮ್ಮನವರ ದೊಡ್ಡ ಫೋಟೊ ಬಂತು. ಗ್ಯಾಲರಿಗೆ ಬಂದವರೆಲ್ಲ “ಆ ಅಜ್ಜಿ ಎಲ್ಲಿ?” ಎಂದು ಕೇಳಿ, ಇಲ್ಲವೆಂದರೆ ಹಿಂದಿರುಗತೊಡಗಿದರು. ಕವನಾ ಮಲ್ಲತ್ತಹಳ್ಳಿಗೆ ಹೋಗಿ, ಕರೆಯದೆ ಇದ್ದದ್ದು ತಪ್ಪಾಯಿತೆಂದು ಒಪ್ಪಿಕೊಂಡು, ದಿನವೂ ಬರಬೇಕೆಂದು ಕೇಳಿದಳು.

“ಬರ್ತೀನಿ. ಮೊದ್ಲು ಆ ಚೀಟಿ ತೆಗಿ.”

ಎರಡು ವರ್ಷ ಯೋಚಿಸಿ ಇಟ್ಟ ಹೆಸರನ್ನು ಕವನಾ ತನ್ನ ಕೈಯಾರೆ ಕಿತ್ತಳು. ಲಿಂಗಮ್ಮ ಹೇಳಿದಂತೆ ‘ಮಲ್ಲತ್ತಹಳ್ಳಿ ಜನ’ ಎಂದು ಬರೆದಳು. ಲಿಂಗಮ್ಮ ಹನ್ನೊಂದು ದಿನ, ದಿನಕ್ಕೊಂದು ರೇಷ್ಮೆ ಸೀರೆ ಉಟ್ಟು ಬಂದರು. ಕೊನೆಯ ದಿನಗಳಲ್ಲಿ ಓರಗಿತ್ತಿಯೂ ಬಂದು, ಕನ್ನಡಿಯೆದುರೇ ಜಗಳ ಮುಂದುವರಿಸಿದರು. ಅದಕ್ಕೂ ಚಪ್ಪಾಳೆ ಬಿತ್ತು.

ತಿಂಗಳ ನಂತರ ಮೈಸೂರಿನ ಒಂದು ಕಲಾಮೇಳದಿಂದ ಆಹ್ವಾನ ಬಂತು. ಮೇಲೆ ಶ್ರೀಮತಿ ಲಿಂಗಮ್ಮ, ಕಲಾವಿದೆ ಎಂದಿತ್ತು. ಕವನಾಳ ಹೆಸರು ‘ಸಹಕಾರ’ ಎಂಬಲ್ಲಿ, ಅದೂ ಕವಿತಾ ಎಂದಾಗಿತ್ತು. ಅವಳು ಪತ್ರವನ್ನು ಎರಡು ಸಲ ಓದಿ, ಲಿಂಗಮ್ಮನವರಿಗೆ ಒಯ್ದು ಕೊಟ್ಟಳು.

ಲಿಂಗಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಅವಳ ಮುಖ ನೋಡಿ ಮರುಕಪಟ್ಟರು.

“ನೀನೂ ಬಾಮ್ಮ, ಬೇಜಾರ್ ಮಾಡ್ಕೋಬೇಡ. ಕನ್ನಡಿ ಒರೆಸೋಕೆ ಯಾರಾದ್ರೂ ಬೇಕಲ್ಲ.”