ಆಪರೇಟರ್ ಶಹರ್ಬಾನು ಜೋಡಿಸಿದ ಪದ

ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಶಹರ್ಬಾನು ಟೆಲಿಫೋನ್ ಆಪರೇಟರ್ ಆಗಿದ್ದಳು. ಓದಿದ್ದು ಯಲಹಂಕದ ಉರ್ದು ಶಾಲೆಯಲ್ಲಿ. ಇಂಗ್ಲಿಷನ್ನು ಕಲಿತದ್ದು ಹೆಚ್ಚಾಗಿ ಕಿವಿಗೆ ಸಿಕ್ಕಿಸಿಕೊಂಡ ಹೆಡ್‌ಫೋನಿನಿಂದಲೇ. ಹೊಸ ಪದ ಕೇಳಿದರೆ ಅದರ ಸ್ಪೆಲಿಂಗ್ ತಿಳಿಯುವ ತನಕ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

೧೯೭೯ರಲ್ಲಿ ಹೊಸ ಯಂತ್ರ ಕೂರಿಸಲು ಇಟಲಿಯಿಂದ ಬೆನೆಡೆಟ್ಟೊ ಎಂಬ ಎಂಜಿನಿಯರ್ ಬಂದ. ಆರು ವಾರ ಇದ್ದ. ವಾರಕ್ಕೊಮ್ಮೆ ಊರಿಗೆ ಟ್ರಂಕ್ ಕಾಲ್ ಮಾಡುತ್ತಿದ್ದ. ಲೈನು ಸಿಕ್ಕಿದ್ದನ್ನು ಖಾತ್ರಿ ಮಾಡಿಕೊಳ್ಳುವಾಗ ಶಹರ್ಬಾನುವಿನ ಕಿವಿಗೆ ಮೊದಲು ಬೀಳುತ್ತಿದ್ದ ಪದ 'ಚಾವ್'. ಮಾತು ಮುಗಿಸುವಾಗಲೂ ಅವನು ಅದನ್ನೇ ಹೇಳುತ್ತಿದ್ದ. ಬಂದಾಗಲೂ ಹೋಗುವಾಗಲೂ ಒಂದೇ ಪದ ಹೇಗೆ ಎಂದು ಒಂದು ದಿನ ಅವನನ್ನೇ ಕೇಳಿದಳು.

ಅವನಿಗೆ ಖುಷಿಯಾಯಿತು. ತಾನು ವೆನಿಸ್ ಕಡೆಯವನೆಂದೂ, ಅಲ್ಲಿನ ಹಿಂದಿನವರು ಎದುರಾದವರಿಗೆ 'ನಾನು ನಿಮ್ಮ ಗುಲಾಮ' ಎಂದು ವಿನಯದಿಂದ ಹೇಳುತ್ತಿದ್ದರೆಂದೂ ವಿವರಿಸಿದ. ಗುಲಾಮ ಎಂಬರ್ಥದ ಅವರ ಮಾತೇ ಜನರ ಬಾಯಲ್ಲಿ ಸವೆದು ಸವೆದು ಚಾವ್ ಆಗಿತ್ತು. ಕಾಲ್ ಚೀಟಿಯ ಹಿಂದೆ ಸ್ಪೆಲಿಂಗ್ ಬರೆದುಕೊಟ್ಟ: ಸಿ, ಐ, ಎ, ಒ.

ಅವಳು ಇದನ್ನು ಅಜ್ಜ ಹಬೀಬುಲ್ಲಾರಿಗೆ ಹೇಳಿದಳು. ಅವರು ನಕ್ಕರು. "ಹಮೆ ಭೀ ವಹೀಚ್ ಬೋಲ್ತೆ ನಾ ಬೇಟಿ, ಬಂದಗಿ ಬೋಲ್‌ಕೆ. ನಾವೂ ಸಲಾಮಿಗೆ ಬಂದಗಿ ಅಂತಿದ್ವಲ್ಲ. ಬಂದಾ ಅಂದ್ರೇನು? ಗುಲಾಮನೇ ತಾನೆ?" ತನ್ನ ಮನೆಯ ಹಳೆಯ ಸಲಾಮೂ ವೆನಿಸ್ಸಿನದೂ ಅಕ್ಕಪಕ್ಕದ ಮನೆಯವೆಂದು ತಿಳಿದು ಶಹರ್ಬಾನುವಿಗೆ ಒಳಗೊಳಗೇ ಹೆಮ್ಮೆಯಾಯಿತು.

೧೯೮೪ರಲ್ಲಿ ಕಾರ್ಖಾನೆಯ ಕ್ಲಬ್ಬು ಪ್ರತಿ ವರ್ಷದಂತೆ ಸ್ಕ್ರ್ಯಾಬಲ್ ಪಂದ್ಯ ಇಟ್ಟಿತು. ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ. ಅದುವರೆಗೆ ಆಡಿದವರೆಲ್ಲ ಆಫೀಸರುಗಳು. ಶಹರ್ಬಾನು ಹೆಸರು ಕೊಟ್ಟಾಗ ಕಾರ್ಯದರ್ಶಿ, "ಲೇಡೀಸ್‌ಗೆ ರಂಗೋಲಿ ಇದೆಯಲ್ಲಮ್ಮ" ಎಂದರು.

"ರಂಗೋಲಿ ನಂಗೆ ಬರಲ್ಲ ಸಾರ್. ಇದು ಬರತ್ತೆ."

ಮೂರು ಸುತ್ತು ಗೆದ್ದು ಫೈನಲ್ ತಲುಪಿದಳು. ಎದುರಾಳಿ ಪರ್ಚೇಸ್ ವಿಭಾಗದ ಮ್ಯಾನೇಜರ್ ಚನ್ನಕೇಶವ, ನಾಲ್ಕು ವರ್ಷದಿಂದ ಸೋಲದವರು. ಶನಿವಾರ ಮಧ್ಯಾಹ್ನ ಕ್ಲಬ್ಬಿನ ಹಾಲಿನಲ್ಲಿ ಬೆಂಚು ಸಾಲದೆ ಜನ ನಿಂತಿದ್ದರು. ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದ ಅವಳ ಗಂಡ ಮಜೀದ್ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದ.

ಕೊನೆಯ ಸರದಿ ಬಂದಾಗ ಚನ್ನಕೇಶವ ಹನ್ನೊಂದು ಅಂಕ ಮುಂದಿದ್ದರು. ಅವರ ಬಳಿ ಉಳಿದಿದ್ದು ಎಲ್ಲೂ ಕೂರದ ಒಂದು ವಿ. ಶಹರ್ಬಾನುವಿನ ಬಳಿ ಸಿ, ಐ, ಒ. ಹಲಗೆಯ ಅಂಚಿನ ಹತ್ತಿರ ಒಂದು ಎ ಒಂಟಿಯಾಗಿ ನಿಂತಿತ್ತು. ಅದರ ಹಿಂದೆ ಸಿ, ಐ, ಮುಂದೆ ಒ ಇಟ್ಟಳು. ಆರು ಅಂಕದ ಪದ, ಅಂಕ ಇಮ್ಮಡಿಯಾಗುವ ಮನೆಗೆ ಬಿದ್ದು ಹನ್ನೆರಡಾಯಿತು.

"ಇದೇನಮ್ಮ, ಸಿಯಾವೊ?" ಎಂದರು ಚನ್ನಕೇಶವ.

"ಚಾವ್ ಸಾರ್. ಇಟಲಿಯವರ ನಮಸ್ಕಾರ."

"ಹಂಗಾದ್ರೆ ಇಟಲಿ ಪದ ಆಯ್ತು. ಆಟ ಇಂಗ್ಲಿಷಿಂದು."

"ಬಂಗ್ಲೋ, ಪೈಜಾಮಾ ಯಾವೂರಿನವು ಸಾರ್? ನೀವು ಬಂಗ್ಲೋ ಇಟ್ರಿ, ನಾನು ಸುಮ್ನಿದ್ದೆ. ಡಿಕ್ಷನರಿ ನೋಡಿ."

ಮಾತು ಗಟ್ಟಿಯಾಗಿಯೇ ಬಂತು. ಆದರೆ ಈ ಪದವನ್ನು ಅವಳು ಯಾವ ನಿಘಂಟಿನಲ್ಲೂ ಹುಡುಕಿ ನೋಡಿರಲಿಲ್ಲ. ಅದರಲ್ಲಿ ಪದ ಇಲ್ಲದಿದ್ದರೆ ಬಿಲ್ಲೆಗಳನ್ನು ವಾಪಸು ತೆಗೆದು ಸೋಲಬೇಕಾಗಿತ್ತು.

ಲೈಬ್ರರಿಯ ಗಂಗರತ್ನಮ್ಮ ದಪ್ಪ ನಿಘಂಟನ್ನು ತಂದು ಹಾಳೆ ಮಗುಚಿದರು. ಬೆರಳು ಸಾಲುಗಳ ಮೇಲೆ ಇಳಿದು ನಿಂತಿತು. ಪುಸ್ತಕವನ್ನು ಚನ್ನಕೇಶವರ ಕಡೆ ತಿರುಗಿಸಿದರು. ಅವರು ಕನ್ನಡಕ ಏರಿಸಿ ಅರ್ಥವನ್ನೂ, ಆಮೇಲೆ ಪದದ ಮೂಲವನ್ನೂ ಎಲ್ಲರಿಗೂ ಕೇಳುವಂತೆ ಓದಿದರು. "ಗುಲಾಮ ಅಂತೆ" ಎಂದು ತಲೆಯಾಡಿಸಿದರು. "ಇದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

ಅವರು ಎದ್ದು ನಿಂತು ಕೈ ಮುಗಿದರು. "ಸರಿಯಾಗಿ ಸೋತಿದೀನಿ ಕಣಮ್ಮ." ಉಳಿದ ವಿ ಅಕ್ಷರದ ನಾಲ್ಕು ಅಂಕವನ್ನು ಅವರದರಿಂದ ಕಳೆದು ಅವಳದಕ್ಕೆ ಕೂಡಿಸಿದ ಮೇಲೆ ಶಹರ್ಬಾನು ಒಂಬತ್ತು ಅಂಕದಿಂದ ಗೆದ್ದಿದ್ದಳು. ಕ್ಯಾಂಟೀನಿನ ಹೆಂಗಸರು ಬೆಂಚು ಹತ್ತಿ ಚಪ್ಪಾಳೆ ಹೊಡೆದರು. ಮಜೀದ್ ಪಕ್ಕದಲ್ಲಿದ್ದ ಅಪರಿಚಿತನಿಗೆ, "ನಮ್ಮನೆಯವಳು" ಎಂದ. ಆತ ಅವಳು ಯಾರೆಂದು ವಿಚಾರಿಸಿರಲೇ ಇಲ್ಲ.

ಮುಂದಿನ ವಾರ ಗೆದ್ದವರ ಫಲಕಕ್ಕೆ ಹೆಸರು ಬರೆಯಲು ಯಶವಂತಪುರದ ಪೇಂಟರ್ ಮುನಿಶಾಮಪ್ಪ ಬಂದ. ಕಾರ್ಯದರ್ಶಿ ಕೊಟ್ಟ ಚೀಟಿಯಲ್ಲಿ 'ಮಿಸೆಸ್ ಮಜೀದ್' ಎಂದಿತ್ತು. ಊಟದ ಬಿಡುವಿನಲ್ಲಿ ಅದನ್ನು ಕಂಡ ಶಹರ್ಬಾನು ಚೀಟಿ ಇಸಕೊಂಡು, ಆ ಹೆಸರು ಹೊಡೆದು, ತನ್ನ ಹೆಸರು ಬರೆದಳು.

"ಎಸ್ರು ಉದ್ದ ಆಯ್ತದೆ ಕಣಕ್ಕ. ಅಕ್ಸರ ಸಣ್ಣದು ಮಾಡ್ಲಾ?" ಎಂದು ಕೇಳಿದ ಮುನಿಶಾಮಪ್ಪ.

"ಬೇಡ. ಮೇಲಿನವರದ್ದು ಎಷ್ಟಿದೆಯೋ ಅಷ್ಟೇ ಇರ್ಲಿ."

ಅವನು ಅಳತೆ ಹಿಡಿದು, ಸ್ವಲ್ಪ ಎಡಕ್ಕೆ ಸರಿದು, ಹಳದಿ ಬಣ್ಣದಲ್ಲಿ ಮೊದಲ ಅಕ್ಷರ ಎಳೆದ. ಪೂರ್ತಿ ಹೆಸರು ಮುಗಿಯುವ ತನಕ ಅವಳು ಅಲ್ಲೇ ನಿಂತು ನೋಡಿದಳು.