ಪ್ಲಗ್ಗಿನ ಮೂರನೇ ಕಾಲು

ಮೂಡಲಗಿಯ ಕಾರ್ಯಕ್ರಮದಲ್ಲಿ ಗೊಮ್ಮಟೇಶನ ಕೆಳತುಟಿ ಮೈಕಿಗೆ ತಗುಲಿದ್ದು ಒಂದೇ ಕ್ಷಣ. ಎಡಗೈ ಗಿಟಾರಿನ ತಂತಿಗಳ ಮೇಲಿತ್ತು. ತುಟಿಗೆ ಇರುವೆ ಕಚ್ಚಿದಂತೆ ಚುರ್ ಎಂದಿತು, ಅಷ್ಟೇ. ಹಾಡು ನಿಲ್ಲಲಿಲ್ಲ. ಪಕ್ಕದಲ್ಲಿ ಹಾಡುತ್ತಿದ್ದ ತಂಗಿ ಶುಭಾಂಗಿಗೂ ಏನೂ ತಿಳಿಯಲಿಲ್ಲ. ಆದರೆ ಗೋಕಾಕದಲ್ಲಿ ಬಿ.ಎಸ್ಸಿ. ಮುಗಿಸಿ ವರ್ಷವಷ್ಟೇ ಕಳೆದಿದ್ದ ಗೊಮ್ಮಟೇಶ ಮರುದಿನ ಬೆಳಿಗ್ಗೆ ನೋಟ್‌ಬುಕ್ಕು ತೆರೆದು, ೨೦೦೩ರ ಫೆಬ್ರವರಿ ಒಂಬತ್ತು ಎಂದು ಹಿಂದಿನ ದಿನದ ತಾರೀಖು ಹಾಕಿ, ಸ್ಕೇಲು ಹಿಡಿದು ಒಂದು ಚಿತ್ರ ಬರೆದ. ಎಡಕ್ಕೆ ಗಿಟಾರಿನ ಆಂಪ್ಲಿಫೈಯರು, ಬಲಕ್ಕೆ ಮೈಕ್‌ಸೆಟ್ಟು. ಎರಡಕ್ಕೂ ಕರೆಂಟು ಬೇರೆ ಬೇರೆ ಬೋರ್ಡಿನಿಂದ. ನಡುವೆ ಒಬ್ಬ ಮನುಷ್ಯ: ಕೈ ತಂತಿಗೆ, ತುಟಿ ಮೈಕಿಗೆ. ಚಿತ್ರ ಮುಗಿದಾಗ ಅವನಿಗೆ ಹೊಳೆದದ್ದು, ಆ ಮನುಷ್ಯ ಅಲ್ಲಿ ಮನುಷ್ಯನಲ್ಲ, ಒಂದು ವೈರು.

ಆ ಆಂಪ್ಲಿಫೈಯರು ಅಣ್ಣ ತಂಗಿ ಹಾಡುತ್ತಿದ್ದ ವಾದ್ಯತಂಡ ‘ನಾದಪ್ರಿಯ ಮೆಲೋಡೀಸ್’ನ ಯಜಮಾನ ಮುರಿಗೆಪ್ಪನದು, ಯಾರೋ ಊರಲ್ಲೇ ಜೋಡಿಸಿಕೊಟ್ಟ ಕಬ್ಬಿಣದ ಪೆಟ್ಟಿಗೆ. ಅದರ ಪ್ಲಗ್ಗಿನ ಮೂರು ಕಾಲುಗಳಲ್ಲಿ ದಪ್ಪನೆಯ ಮೂರನೆಯದನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನದನ್ನು, ಎರಡು ತೂತಿನ ಬೋರ್ಡಿಗೂ ಹೊಂದಲೆಂದು ಎಂದೋ ಕಿತ್ತುಹಾಕಿದ್ದರು. ಮೂರು ಕಾಲಿನ ಪ್ಲಗ್ಗು ಒಂದೇ ರೀತಿಯಲ್ಲಿ ಕೂಡುತ್ತದೆ. ಎರಡು ಕಾಲಿನದು ಎರಡು ರೀತಿಯಲ್ಲಿ. ಕರೆಂಟಿನ ಎರಡು ವೈರುಗಳಲ್ಲಿ ಒಂದನ್ನು ಒಳಗೆ ಪೆಟ್ಟಿಗೆಯ ಮೈಗೇ ಬೆಸೆದಿರಬೇಕೆಂದು ಗೊಮ್ಮಟೇಶ ಊಹಿಸಿದ. ಒಂದು ರೀತಿ ಕೂತರೆ ತುಟಿಗೆ ಇರುವೆ ಕಚ್ಚುತ್ತದೆ. ಉಲ್ಟಾ ಕೂತರೆ ಪೆಟ್ಟಿಗೆಯ ಮೈಯಲ್ಲಿ, ಅಲ್ಲಿಂದ ಗಿಟಾರಿನ ತಂತಿಗಳಲ್ಲಿ, ಇಡೀ ಇನ್ನೂರ ಮೂವತ್ತು ವೋಲ್ಟು. ಸಾಧ್ಯತೆ ಅರ್ಧಕ್ಕರ್ಧ. ಕೊನೆಯ ಹಾಡಿನ ಕೊನೆಯ ಸಾಲಿಗೆ ಶುಭಾಂಗಿ ತನ್ನ ಮೈಕನ್ನು ಅಣ್ಣನ ಬಾಯಿಗೆ ಹಿಡಿಯುವುದು ಅವರ ಮೆಲೋಡೀಸ್‌ನ ರೂಢಿಯಾಗಿತ್ತು. ಜನ ಅದಕ್ಕೇ ಕಾಯುತ್ತಿದ್ದರು. ಹತ್ತೊಂಬತ್ತರ ಆ ಹುಡುಗಿ ನಗುತ್ತ ಮೈಕು ಚಾಚುವುದನ್ನು ನೆನೆದಾಗಲೆಲ್ಲ ಗೊಮ್ಮಟೇಶ ಮತ್ತೆ ನೋಟ್‌ಬುಕ್ಕು ತೆರೆದು ಆ ಚಿತ್ರ ನೋಡುತ್ತಿದ್ದ.

ಆ ಹೊತ್ತಿಗೇ ಮುರಿಗೆಪ್ಪ ಹೊಸ ಹಟ ಹಿಡಿದ. ಮಾರ್ಚ್ ಹದಿನಾರಕ್ಕೆ ಹುಕ್ಕೇರಿಯಲ್ಲಿ ದೊಡ್ಡ ಮದುವೆ. ಅಷ್ಟರಲ್ಲಿ ಮೆಲೋಡೀಸ್‌ಗೆ ಒಂದು ಮಲ್ಟಿ ಎಫೆಕ್ಟ್ಸ್ ಬರಲೇಬೇಕು. ಅದು ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಪೆಟ್ಟಿಗೆ. ಒಂದೇ ಗಿಟಾರಿನಿಂದ ಹತ್ತಾರು ಬಗೆಯ ದನಿ ತೆಗೆಯುತ್ತದೆ. ಹೊಸದು, ದೊಡ್ಡದು ಕೈಗೆಟಕುವ ಮಾತಲ್ಲ. ಎಟಕುವಂಥವು ಎರಡೇ ಇದ್ದವು. ಬೆಳಗಾವಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣದೊಂದು. ಮಸಗುಪ್ಪಿಯಲ್ಲಿ ಯಾರದೋ ಮನೆಯಲ್ಲಿ, ಅದೇ ಬೆಲೆಗೆ, ಉಕ್ಕಿನ ಮೈಯ ಬಳಸಿದ್ದೊಂದು.

“ಮೊದಲ ಮಸಗುಪ್ಪಿದು ನೋಡೂಣು. ಅದಕ್ಕ ಕಾಲಾಗ ಒತ್ತು ಪೆಡಲ್ ಐತಂತ. ವಾಂವ್ ವಾಂವ್ ಅಂತೈತಂತ, ಎಮ್ಮಿ ಕರಾ ಕರದಂಗ,” ಎಂದ ಮುರಿಗೆಪ್ಪ.

ಮಸಗುಪ್ಪಿಯಲ್ಲಿ ಅವರನ್ನು ಒಳಗೆ ಕರೆದವಳು ಸಾತವ್ವ ಎಂಬ ಹೆಂಗಸು. ಟಾವೆಲ್ಲಿನಲ್ಲಿ ಸುತ್ತಿದ ಪೆಟ್ಟಿಗೆಯನ್ನು ಮಗುವನ್ನು ಎತ್ತಿ ತರುವಂತೆ ತಂದು ಚಾಪೆಯ ಮೇಲಿಟ್ಟಳು. ಅದು ಮಗ ಸೋಮಶೇಖರನದು. ಎರಡು ವರ್ಷದ ಕೆಳಗೆ ಒಂದು ಕಾರ್ಯಕ್ರಮದಲ್ಲಿ ಹಾಡುತ್ತಿದ್ದವನು ನಿಂತಲ್ಲೇ ಬಿದ್ದು ತೀರಿಕೊಂಡಿದ್ದ.

“ಹಾಟ್ ನಿಂತೈತಿ ಅಂದ್ರು ಡಾಕ್ಟರ್ರು,” ಎಂದಳು ಸಾತವ್ವ. “ಇಪ್ಪತ್ತಮೂರ ವರಸದ ಹುಡುಗನ ಹಾಟ್ ಹೆಂಗ ನಿಂತೀತ್ರಿ ಯಪ್ಪಾ? ಮುಂಜಾನಿ ಆರ ರೊಟ್ಟಿ ತಿಂದ ಹೋಗಿದ್ದ.”

ಮುರಿಗೆಪ್ಪ ಟಾವೆಲ್ಲು ಬಿಚ್ಚಿದ. ಉಕ್ಕು ಫಳಫಳ ಹೊಳೆಯಿತು. ಅವನ ಕಣ್ಣುಗಳೂ ಹೊಳೆದವು. ಗೊಮ್ಮಟೇಶ ಮಾತ್ರ ವೈರನ್ನು ಕೈಯಲ್ಲಿ ಹಿಡಿದು, ಮೊಳ ಮೊಳವಾಗಿ ಎಳೆಯುತ್ತ, ಅದರ ತುದಿಗೆ ಬಂದ. ಪ್ಲಗ್ಗಿಗೆ ಎರಡೇ ಕಾಲು. ಮೂರನೆಯದಿದ್ದ ಜಾಗದಲ್ಲಿ ಇಕ್ಕಳದ ಹಲ್ಲಿನ ಗುರುತು.

“ಇದನ್ನ ಯಾರ ಕಿತ್ತಾರ್ರಿ ಅವ್ವಾ?”

“ಅವನ ಕಿತ್ತಿದ್ದ. ಹೋದ ಊರಾಗೆಲ್ಲಾ ಬೋರ್ಡಿಗೆ ಹತ್ತೂದಿಲ್ಲ, ದೊಡ್ಡ ಕಿರಿಕಿರಿ ಅಂತಿದ್ದ.”

“ಬೀಳೂ ಮುಂದ ಅವರ ಕೈ ಎಲ್ಲಿತ್ತು? ಯಾರರ ಹೇಳ್ಯಾರೇನ್ರಿ?”

“ಗಿಟಾರದ ಮ್ಯಾಲನ ಇತ್ತಂತ. ಮೈಕಿಗೆ ಬಾಯಿ ಹಚ್ಚಿದ್ದಷ್ಟ ಅಂತ.” ಆಮೇಲೆ ಅವಳು ಗೊಮ್ಮಟೇಶನ ಮುಖವನ್ನೇ ನೋಡಿದಳು. “ಓದಿದಾವ ಕಾಣತಿ. ಖರೆ ಹೇಳು ಯಪ್ಪಾ, ಈ ಮಶೀನದಾಗ ಏನರ ದೋಷ ಐತೇನು?”

ಗೊಮ್ಮಟೇಶ ಪ್ಲಗ್ಗನ್ನು ಚಾಪೆಯ ಮೇಲಿಟ್ಟ. ಅವನ ನೋಟ್‌ಬುಕ್ಕಿನ ಚಿತ್ರದಲ್ಲಿದ್ದ ಮನುಷ್ಯನಿಗೆ ಈಗ ಹೆಸರು ಸಿಕ್ಕಿತ್ತು, ಊರು ಸಿಕ್ಕಿತ್ತು, ಆರು ರೊಟ್ಟಿ ಸಿಕ್ಕಿದ್ದವು. ಹುಡುಗ ತನ್ನ ಕೈಯಾರೆ ಕಿತ್ತ ಕಬ್ಬಿಣದ ತುಂಡಿನ ಮಾತನ್ನು ಹೆತ್ತವಳ ಮುಂದೆ ಹೇಗೆ ಆಡುವುದು?

“ಇಲ್ರಿ ಅವ್ವಾ, ಮಶೀನದಾಗ ದೋಷ ಇಲ್ಲ,” ಎಂದ. ಅದು ಸುಳ್ಳಾಗಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ.

ಗೋಕಾಕದ ಬಸ್ಸು ಹತ್ತಿ ಕೂತೊಡನೆ ಮುರಿಗೆಪ್ಪ ಸಿಡಿದ. “ಒಳ್ಳೇ ಸಾಮಾನು! ಯಾಕ ಬ್ಯಾಡ ಅಂದಿ? ಸತ್ತಾವರದು ಅಂತೇನು?”

“ಅದಕ್ಕಲ್ಲರಿ ಕಾಕಾ. ಅದನ್ನ ತಗೊಂಡ್ರ ಮತ್ತ ನಿಮ್ಮ ಆಂಪ್ಲಿಫೈಯರಿಗೇ ಹಚ್ಚಬೇಕು. ಬೆಳಗಾವ್ಯಾಗಿನ ಪ್ಲಾಸ್ಟಿಕ್ಕಿನದು ನಾಕು ಸೆಲ್ಲಿನ ಮ್ಯಾಲ ನಡೀತೈತಿ. ಆಂಪ್ಲಿಫೈಯರ್ ಬೇಕಾಗಿಲ್ಲ, ನೇರ ಮೈಕ್‌ಸೆಟ್ಟಿನ ಮಿಕ್ಸರಿಗೆ ಕೊಡಾಕ ಬರತೈತಿ. ಆಗ ತಂತಿ, ಮೈಕು ಎರಡೂ ಒಂದ ಪೆಟಗಿಗೆ ಸೇರಿದಂಗ. ಅವೆರಡರ ನಡುವ ಕರೆಂಟು ಹರಿಯೂದಿಲ್ಲ.”

“ಪೆಡಲ್ ಐತೇನದಕ್ಕ?”

“ಇಲ್ಲರಿ.”

“ವಾಂವ್ ವಾಂವ್?”

“ಇಲ್ಲರಿ.”

“ಶಾಬಾಸ್!” ಮುರಿಗೆಪ್ಪ ಎದುರು ಸೀಟಿನವರಿಗೂ ಕೇಳುವಂತೆ ಹೇಳಿದ. “ಬಿ.ಎಸ್ಸಿ. ಓದಿದಾವ ಕರೆಂಟಿಗೆ ಅಂಜತಾನ. ಏಳನೆತ್ತಾ ಫೇಲಾದ ನಾ ಇಪ್ಪತ್ತ ವರಸ ಆತು, ಅದರ ಜೋಡಿ ಸಂಸಾರ ಮಾಡಾಕತ್ತೇನಿ!”

ಬಸ್ಸು ನಕ್ಕಿತು. ಗೊಮ್ಮಟೇಶ ನಗಲಿಲ್ಲ, ವಾದಿಸಲೂ ಇಲ್ಲ. “ಪ್ಲಾಸ್ಟಿಕ್ಕಿನದಾದ್ರ ನಾನೂ ಬರತೇನಿ, ಶುಭಾನೂ ಬರತಾಳ. ಇಲ್ಲಾಂದ್ರ ಇಬ್ಬರೂ ಇಲ್ಲ,” ಎಂದ. ಮುರಿಗೆಪ್ಪ ಕಿಸೆಯಿಂದ ದುಡ್ಡು ತೆಗೆದು ಎರಡು ಸಲ ಎಣಿಸಿದ. ಕೊನೆಗೆ, “ತಗೋ ನಿನ್ನ ಬುತ್ತಿಡಬ್ಬಿ,” ಎಂದ.

ಬುತ್ತಿಡಬ್ಬಿ ಮನೆಗೆ ಬಂತು. ಗೊಮ್ಮಟೇಶ ಗಡಿಯಾರ ಮುಂದಿಟ್ಟುಕೊಂಡು ಸೆಲ್ಲು ಎಷ್ಟು ತಾಸು ಬರುತ್ತದೆಂದು ಬರೆದ. ಹಾಡಿಗೊಂದರಂತೆ ದನಿಗಳನ್ನು ಕ್ರಮವಾಗಿ ಜೋಡಿಸಿದ. ಆಂಪ್ಲಿಫೈಯರನ್ನು ಒಮ್ಮೆ ಬಿಚ್ಚಿ ನೋಡುತ್ತೇನೆಂದು ಕೇಳಿದ್ದಕ್ಕೆ ಮಾತ್ರ ಮುರಿಗೆಪ್ಪ ಒಪ್ಪಲಿಲ್ಲ. “ವರ್ಷಾ ಪೂಜೆ ಮಾಡಿದ ಸಾಮಾನು. ಅದರ ಹೊಟ್ಟಿ ಕೊಯ್ಯಬ್ಯಾಡ.”

ಹುಕ್ಕೇರಿಯ ಮದುವೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಷತೆ. ಹತ್ತಕ್ಕೇ ವೇದಿಕೆ ಸಿದ್ಧವಾಯಿತು. ಮುರಿಗೆಪ್ಪ ಎಂದಿನಂತೆ ವಾದ್ಯಗಳಿಗೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಹಲಗೆಯ ಮೇಲೆಯೇ ತೆಂಗಿನಕಾಯಿ ಒಡೆದ. ನೀರು ಹಲಗೆಯ ಉದ್ದಕ್ಕೂ ಹರಡಿ ತಗ್ಗುಗಳಲ್ಲಿ ನಿಂತಿತು. ಪೂಜೆಯಾದ ವೇದಿಕೆಯ ಮೇಲೆ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ. ಅದು ಮುರಿಗೆಪ್ಪನ ಕಟ್ಟುನಿಟ್ಟು. ಶುಭಾಂಗಿ ತನ್ನ ರಬ್ಬರ್ ಚಪ್ಪಲಿಗಳನ್ನು ಮೆಟ್ಟಿಲ ಕೆಳಗೆ ಬಿಟ್ಟು, ಬರಿಗಾಲಲ್ಲಿ ಆ ಒದ್ದೆಯ ಮೇಲೆ ನಡೆದು ಬಂದಳು. ಗೊಮ್ಮಟೇಶ ಚೀಲದಿಂದ ದಪ್ಪನೆಯ ರಬ್ಬರ್ ಹಾಳೆ ತೆಗೆದು ತಾನು ನಿಲ್ಲುವಲ್ಲಿ ಹಾಸಿದ. ಅವಳಿಗೂ ಒಂದು ತಂದಿದ್ದ.

“ಒಂದ ಕಡೆ ನಿಂತ ಹಾಡಾಕ ನಾ ಏನ್ ಕಂಬ ಏನಣ್ಣಾ?” ಎಂದು ಅವಳು ಅದನ್ನು ಮಡಚಿ ಕುರ್ಚಿಯ ಮೇಲಿಟ್ಟಳು.

ಅವನು ಟೆಸ್ಟರು ತೆಗೆದ. ಮೈಕಿಗೆ ಹಿಡಿದ: ಕತ್ತಲು. ಮಿಕ್ಸರಿಗೆ: ಕತ್ತಲು. ‘ಅಡಚಣೆಗೆ ಇರಲಿ’ ಎಂದು ಮುರಿಗೆಪ್ಪ ಹೊತ್ತು ತಂದು ಹಿಂದೆ ಇಟ್ಟಿದ್ದ ಆಂಪ್ಲಿಫೈಯರಿನ ಕಬ್ಬಿಣಕ್ಕೆ ಹಿಡಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿತು.

ಉಲ್ಟಾ ಕೂತಿತ್ತು.

ಗೊಮ್ಮಟೇಶ ಕೂಡಲೇ ಗೋಡೆಯ ಬಳಿ ಹೋದ. ಪ್ಲಗ್ಗು ಕಿತ್ತ. ಮೈಕ್‌ಸೆಟ್ಟಿನ ದುಂಡಪ್ಪನಿಗೆ ಹೇಳಿದರೆ ಅವನು, “ನನ್ನ ಸಾಮಾನಿಗೆ ಅರ್ಥಿಂಗ್ ಗಟ್ಟಿ ಐತಿ, ನಿಮ್ಮದು ನನಗ ಗೊತ್ತಿಲ್ರಿ,” ಎಂದ. ಮಂಟಪದ ಬಳಿ ಬೀಗರೊಂದಿಗೆ ಮಾತಿಗಿಳಿದಿದ್ದ ಮುರಿಗೆಪ್ಪನ ಹತ್ತಿರ ಹೋಗಿ, “ಕಾಕಾ, ಅದನ್ನ ಹಚ್ಚಬ್ಯಾಡ್ರಿ,” ಎಂದ. “ಆತಪಾ, ಆತು,” ಎಂದ ಮುರಿಗೆಪ್ಪ, ತಿರುಗಿಯೂ ನೋಡದೆ.

ಬುತ್ತಿಡಬ್ಬಿ ಕೆಲಸ ಮಾಡಿತು. ಐದು ಹಾಡು ಸರಾಗವಾಗಿ ಹೋದವು. ದನಿ ಸ್ವಲ್ಪ ತೆಳುವಾಗಿತ್ತು, ನಿಜ. ಆದರೆ ತುಟಿ ಮೈಕಿಗೆ ತಾಗಿದಾಗ ಏನೂ ಕಚ್ಚಲಿಲ್ಲ. ತಿಂಗಳ ಮೇಲೆ ಮೊದಲ ಸಲ ಅವನು ಹಾಡನ್ನು ಹಾಡಾಗಿ ಕೇಳಿದ. ಅಕ್ಷತೆಯ ಹೊತ್ತಿಗೆ ಗಿಟಾರು ಇಳಿಸಿಟ್ಟು, ತಂಗಿಯೊಂದಿಗೆ ಕೆಳಗೆ ಹೋಗಿ ಜೋಡಿಯ ಮೇಲೆ ಅಕ್ಕಿಕಾಳು ಹಾಕಿ ಬಂದ. ಜನ ಊಟಕ್ಕೆ ಕೂಡುತ್ತಿದ್ದಂತೆ ಕೊನೆಯ ಹಾಡು ಸುರುವಾಯಿತು. ಅವನು ರಬ್ಬರಿನ ಮೇಲೆ ನಿಂತು, ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸಿ ಬಾರಿಸತೊಡಗಿದ.

ದನಿ ದಪ್ಪಗೆ, ತುಂಬಿಕೊಂಡು ಬಂತು. ಚೆನ್ನಾಗಿತ್ತು. ಎರಡನೇ ಚರಣಕ್ಕೆ ಅವನಿಗೆ ತಿಳಿದದ್ದು, ಆ ದನಿ ಮುಂದಿನ ಸ್ಪೀಕರುಗಳಿಂದ ಬರುತ್ತಿಲ್ಲ, ಬೆನ್ನ ಹಿಂದಿನಿಂದ ಬರುತ್ತಿದೆ. ದನಿಯ ಕೆಳಗೆ ಗುಂಯ್ ಎನ್ನುವ ಸದ್ದೊಂದು ಮಲಗಿದೆ.

ಅವನು ಕತ್ತು ತಿರುಗಿಸಿದ. ಆಂಪ್ಲಿಫೈಯರಿನ ದೀಪ ಉರಿಯುತ್ತಿತ್ತು. ಬುತ್ತಿಡಬ್ಬಿಯಿಂದ ಹೊರಟ ವೈರು ಮಿಕ್ಸರಿಗೆ ಹೋಗುವುದನ್ನು ಬಿಟ್ಟು ಹಿಂದಕ್ಕೆ ಹೊರಳಿತ್ತು. ಕೀಬೋರ್ಡಿನ ಹಿಂದಿನಿಂದ ಮುರಿಗೆಪ್ಪ ಹೆಬ್ಬೆರಳು ಎತ್ತಿ ತೋರಿಸಿದ: ಈಗ ಕೇಳಸ್ತೈತಿ ನೋಡು!

ಗೊಮ್ಮಟೇಶನ ಬೆರಳುಗಳ ಕೆಳಗಿನ ಆರೂ ತಂತಿಗಳಲ್ಲಿ ಕರೆಂಟಿತ್ತು. ರಬ್ಬರು ಅವನನ್ನು ಕಾದಿತ್ತು; ಕಾದದ್ದರಿಂದಲೇ ಅವನಿಗೆ ಗೊತ್ತಾಗಿರಲಿಲ್ಲ. ಮುಂದೆ ಶುಭಾಂಗಿ ಕೊನೆಯ ಸಾಲಿಗೆ ತಿರುಗಿದಳು. ಒದ್ದೆ ಹಲಗೆ, ಬರಿಗಾಲು, ಕೈಯಲ್ಲಿ ಉಕ್ಕಿನ ಮೈಕು. ನಗುತ್ತ ಬರುತ್ತಿದ್ದಳು. ನಾಲ್ಕು ಹೆಜ್ಜೆ. ಮೂರು. “ಬರಬ್ಯಾಡ!” ಎಂದು ಅವನು ಕೂಗಿದ್ದು ಡೋಲಕ್ಕಿನಲ್ಲಿ ಮುಳುಗಿತು, ಅವಳು ಅದನ್ನೂ ಹಾಡಿನ ಹುರುಪೆಂದುಕೊಂಡು ಇನ್ನಷ್ಟು ನಕ್ಕಳು. ಹಿಂದೆ ಸರಿದರೆ ರಬ್ಬರಿನಿಂದ ಇಳಿಯುತ್ತಾನೆ. ತಳ್ಳಿದರೆ ಅವಳನ್ನು ಮುಟ್ಟುತ್ತಾನೆ.

ಅವನು ಎರಡೂ ಕೈಗಳನ್ನು ತಂತಿಯಿಂದ ಎತ್ತಿ ತಲೆಯ ಮೇಲೆ ಹಿಡಿದ, ಪೊಲೀಸರು ಬಂದೂಕು ತೋರಿಸಿದಾಗ ಎತ್ತುವಂತೆ.

ಗಿಟಾರು ನಿಂತುಹೋಯಿತು. ಪಂಕ್ತಿಯಲ್ಲಿ ಯಾರೋ ಗಹಗಹಿಸಿದರು. ತಬ್ಬಿಬ್ಬಾದ ಶುಭಾಂಗಿ ಚಾಚಿದ ಕೈಯನ್ನು ತುಸು ಕೆಳಗಿಳಿಸಿದಳು, ಮೈಕಿನ ತಲೆ ತಂತಿಗಳಿಗೆ ತಾಗಿತು.

ಢಬ್ ಎಂದಿತು. ನೀಲಿ ಬೆಳಕೊಂದು ಮಿಂಚಿ, ತಂತಿ ತುಂಡಾಗಿ ಸುರುಳಿ ಸುತ್ತಿಕೊಂಡಿತು. ಆಂಪ್ಲಿಫೈಯರು ಸತ್ತಿತು, ಅದರೊಂದಿಗೆ ಗುಂಯ್ ಎಂಬ ಸದ್ದೂ. ಮೈಕು ಶುಭಾಂಗಿಯ ಕೈಯಿಂದ ಬಿದ್ದು ಉರುಳಿತು. ದುಂಡಪ್ಪನ ಅರ್ಥಿಂಗು ಅವನು ಹೇಳಿದಷ್ಟೇ ಗಟ್ಟಿಯಾಗಿತ್ತು. ಬಂದ ಕರೆಂಟನ್ನು ಮೈಕಿನ ವೈರೇ ನೆಲಕ್ಕೆ ಒಯ್ದಿತ್ತು. ಅವಳಿಗೆ ಏನೂ ಆಗಿರಲಿಲ್ಲ. ಅಂಗೈಯನ್ನು ತಿರುವಿ ಮುರುವಿ ನೋಡಿಕೊಳ್ಳುತ್ತ, “ಅಣ್ಣಾ, ಏನಾತು? ಏನಾತಣ್ಣಾ?” ಎಂದು ಅದನ್ನೇ ಕೇಳುತ್ತ ನಿಂತಳು.

ಗೊಮ್ಮಟೇಶನ ಕೈಗಳು ಇನ್ನೂ ಮೇಲೆಯೇ ಇದ್ದವು.

ಮುರಿಗೆಪ್ಪ ಕೀಬೋರ್ಡು ಬಿಟ್ಟು ಬಂದ. ಗಿಟಾರಿನ ಮೇಲೆ ಮೂಡಿದ್ದ ಕಪ್ಪು ಕಲೆಯನ್ನು ನೋಡಿದ. ಹೋಗಿ ಗೋಡೆಯಿಂದ ಪ್ಲಗ್ಗು ಕಿತ್ತು, ಅದರ ಎರಡು ಕಾಲುಗಳನ್ನೂ ಬೋಳಾದ ಮೂರನೇ ಜಾಗವನ್ನೂ ಬೆರಳಿನಿಂದ ಸವರಿದ. ಅವನ ದನಿ ಎಂದೂ ಅಷ್ಟು ಸಣ್ಣಗೆ ಬಂದಿರಲಿಲ್ಲ.

“ಮಸಗುಪ್ಪಿ ಹುಡುಗಗ... ಹಿಂಗ ಆಗಿತ್ತೇನೋ?”

ಗೊಮ್ಮಟೇಶ ಹೌದೆಂದು ತಲೆಯಾಡಿಸಿದ.

ಮುರಿಗೆಪ್ಪ ಮೆಟ್ಟಿಲಿಳಿದು ಹೋದ. ಊಟಕ್ಕೆ ಕೂತವರೆಲ್ಲ ನೋಡುತ್ತಿದ್ದಂತೆ ಬಗ್ಗಿ, ಶುಭಾಂಗಿಯ ರಬ್ಬರ್ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕುಂಕುಮವಿಟ್ಟ ವಾದ್ಯಗಳ ನಡುವೆ ನಡೆದು ಬಂದ. ಅವಳ ಕಾಲಿನ ಮುಂದೆ, ಇನ್ನೂ ಆರದ ತೆಂಗಿನ ನೀರಿನ ಮೇಲೆ, ಅವನ್ನು ಜೋಡಿಸಿ ಇಟ್ಟ.

“ಮೆಟ್ಕೋ ತಂಗಿ,” ಎಂದ.