ಒಂದೇ ಹುಲ್ಲು, ಎರಡು ಕೊಟ್ಟಿಗೆ

ಎರಡು ಜಡೆ ಸೇರಿದರೆ ಜಗಳ ಅನ್ನುತ್ತಾರೆ. ಈ ಮನೆಯ ವಾರಗಿತ್ತಿಯರ ಜಡೆಗಳು ನರೆತಿದ್ದವು, ಜಗಳಕ್ಕೆ ಮಾತ್ರ ಇನ್ನೂ ಹರೆಯ. ಅಣ್ಣತಮ್ಮಂದಿರು ಪಾಲಾದಾಗ ಕೊಟ್ಟಿಗೆಯ ನಡುವೆ ಎದೆಮಟ್ಟದ ಗೋಡೆ ಎದ್ದಿತು. ದೊಡ್ಡವಳ ದನ ಈಚೆ, ಚಿಕ್ಕವಳದು ಆಚೆ. ಪಾಲಾಗದೆ ಉಳಿದದ್ದು ಎರಡೇ: ಹಳ್ಳದ ಪಕ್ಕದ ತೇವದ ಹುಲ್ಲುಗಾವಲು, ಮತ್ತೆ ಕರುಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ. ಅದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ದೊಡ್ಡವಳ ಜೀವವೆಲ್ಲ ಕೆಂಚಿಯ ಮೇಲೆ. ತವರಿನಿಂದ ಬಂದ ಹಸುವಿನ ಕೊನೆಯ ಕರು ಅದು. ತಾಯಿ ಸತ್ತಿತ್ತು, ಇದೂ ಹೋದರೆ ತವರಿನದೆಂದು ಹೇಳಿಕೊಳ್ಳಲು ಅವಳಿಗೆ ಏನೂ ಉಳಿಯುತ್ತಿರಲಿಲ್ಲ. ಅಂಥ ಕೆಂಚಿ ಕೆಮ್ಮತೊಡಗಿತು. ಮೊದಲು ಓಡಿದಾಗ ಮಾತ್ರ, ಆಮೇಲೆ ನಿಂತಲ್ಲೇ, ಕತ್ತು ಚಾಚಿ, ನಾಲಿಗೆ ಹೊರಹಾಕಿ.

"ಧೂಳೆಲ್ಲ ಈಚೆಗೇ ಗುಡಿಸ್ತೀಯಲ್ಲೇ, ನನ್ನ ಕರು ಕೊಲ್ಲೋಕಾ?" ಎಂದು ದೊಡ್ಡವಳು ಗೋಡೆಯ ಮೇಲಿಂದ ಕೂಗಿದಳು.

"ನನ್ನ ಕರುಗಳೂ ಕೆಮ್ತಿವೆ ಅಕ್ಕಾ. ಅದಕ್ಕೆ ನಿಮ್ಮ ನಾಲಿಗೆ ಕಾರಣ ಅಂತ ನಾನಂದ್ನಾ?"

ದನದ ಡಾಕ್ಟರು ಬಂದು ಕೆಂಚಿಯ ಎದೆಗೆ ಕೊಳವೆ ಇಟ್ಟು ಕೇಳಿದರು. "ಶ್ವಾಸಕೋಶದ ಹುಳ. ಸಗಣಿಯಿಂದ ಹುಲ್ಲಿಗೆ ಬರುತ್ತೆ, ಹುಲ್ಲಿನಿಂದ ಕರುವಿಗೆ. ಹಳ್ಳದ ಹತ್ರ ಮೇಯೋ ಕರುಗಳಿಗೆಲ್ಲ ಒಂದೇ ದಿನ ಔಷಧಿ ಹಾಕಿ. ಆ ಹುಲ್ಲು ಬಿಟ್ಟು ಮೇಲಿನ ಒಣ ಹೊಲದಲ್ಲಿ ಮೇಯಿಸಿ. ಆಚೆಯವರಿಗೂ ಹೇಳ್ಬಿಡಿ."

"ಹೇಳ್ತೀನಿ," ಅಂದಳು ದೊಡ್ಡವಳು. ಹೇಳಲಿಲ್ಲ. ತನ್ನ ಒಂದು ಕಣ್ಣು ಹೋದರೂ ಸರಿ, ಎದುರಿನವಳ ಎರಡೂ ಹೋಗಲಿ ಅನ್ನುವ ಜಾತಿ ಅವಳದು. ಕೆಂಚಿಯೊಂದಕ್ಕೇ ಔಷಧಿ ಕುಡಿಸಿದಳು. ಕೆಮ್ಮು ಸ್ವಲ್ಪ ತಗ್ಗಿದ್ದೇ ಹಳ್ಳದ ಹುಲ್ಲಿಗೇ ಬಿಟ್ಟಳು. ತಾನು ಕಾಲು ತೆಗೆದರೆ ಹುಲ್ಲುಗಾವಲೆಲ್ಲ ಚಿಕ್ಕವಳ ಪಾಲಾಗುತ್ತದಲ್ಲ!

ಕೆಮ್ಮು ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಕೆಂಚಿ ಮೇವು ಮುಟ್ಟಲಿಲ್ಲ, ಪಕ್ಕೆ ಎಳೆದೆಳೆದು ಉಸಿರಾಡುತ್ತಿತ್ತು. ಈ ಸಲ ಡಾಕ್ಟರು ಸಿಡುಕಿದರು.

"ಔಷಧಿ ಹಾಕಿ ಮತ್ತೆ ಹುಳದ ಬಾಯಿಗೇ ಬಿಟ್ರಾ? ಆಚೆಯವರಿಗೆ ಹೇಳಿದ್ರಾ?"

"ನನಗ್ಯಾರೂ ಹೇಳಿಲ್ಲ!" ಗೋಡೆಯಾಚೆಯಿಂದ ಚಿಕ್ಕವಳ ತಲೆ ಎದ್ದಿತು. ಡಾಕ್ಟರು ಕೆಂಚಿಗೆ ಸೂಜಿ ಚುಚ್ಚಿ, ಎದೆ ತುಂಬಾ ಕೆಟ್ಟಿದೆ ಎಂದರು. ಔಷಧಿಯ ಬಾಟಲಿಯನ್ನು ಗೋಡೆಯ ಮೇಲಿಟ್ಟು, ನಾಳೆ ಬೆಳಿಗ್ಗೆ ಎಲ್ಲಕ್ಕೂ ಒಟ್ಟಿಗೆ ಕುಡಿಸಿ ಎಂದು ಹೇಳಿ ಹೋದರು.

"ನನ್ನ ಕರುಗಳು ಸಾಯ್ಲಿ ಅಂತ ಬಾಯಿ ಹೊಲ್ಕೊಂಡಿದ್ರಾ?" ಚಿಕ್ಕವಳು ಕೆಂಡವಾದಳು. "ಹೊಟ್ಟೆಗೆ ಅನ್ನಾನೇ ತಿಂತೀರಾ ನೀವು?"

ದೊಡ್ಡವಳು ಕೆಂಚಿಯ ಪಕ್ಕ ಕುಳಿತು ಅದರ ಕತ್ತು ನೀವತೊಡಗಿದಳು.

ಬೆಳಿಗ್ಗೆ ಅವಳೇ ಗೊಟ್ಟ ಹಿಡಿದು ಗೋಡೆ ಬಳಸಿ ಆಚೆ ಹೋದಳು. ಪಾಲಾದ ಮೇಲೆ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. "ಕರು ಹಿಡ್ಕೋ," ಅಂದಳು.

ಚಿಕ್ಕವಳು ಹಿಡಿದಳು.

"ಮೂತಿ ಅಷ್ಟು ಎತ್ತಬೇಡ ಕಣೇ, ಉಸಿರಿನ ದಾರಿಗೆ ಹೋಗುತ್ತೆ. ಕೈಯಲ್ಲಿ ಬುದ್ಧಿ ಇಲ್ವಾ?"

"ನಿಮ್ಮ ಮನಸ್ಸಲ್ಲಿಲ್ಲದ್ದು ನನ್ನ ಕೈಯಲ್ಲೆಲ್ಲಿಂದ ಬರುತ್ತೆ?"

ಹೀಗೇ ಬೈದುಕೊಳ್ಳುತ್ತಲೇ ಒಂದೊಂದಕ್ಕೂ ಕುಡಿಸಿ ಮುಗಿಸಿದರು. ಚಿಕ್ಕವಳು ಬಾಟಲಿ ಎತ್ತಿ ಅಲ್ಲಾಡಿಸಿ ನೋಡಿದಳು. "ಇನ್ನೂ ಇದೆ. ನಿಮ್ಮ ಕೆಂಚೀನ ತನ್ನಿ."

"ಅದಕ್ಕೆ ಬೇಡ."

"ಯಾಕೆ, ನಿಮ್ಮದಕ್ಕೆ ಬೇರೆ ಔಷಧಿನಾ?"

"ಬೆಳಗಿನ ಜಾವ ಹೋಯ್ತು."

ಚಿಕ್ಕವಳು ಬಾಟಲಿ ಕೆಳಗಿಟ್ಟಳು. "ಅಕ್ಕಾ..." ಎಂದು ಕೈ ಚಾಚಿದಳು. ದೊಡ್ಡವಳು ಆ ಕೈಯನ್ನು ತಳ್ಳಿದಳು.

"ನಿನ್ನ ಕನಿಕರ ಯಾರಿಗೆ ಬೇಕು? ಇವನ್ನ ಮೇಲಿನ ಹೊಲಕ್ಕೆ ಹೊಡಿ. ಹಳ್ಳದ ಕಡೆ ಬಿಟ್ಟೀಯಾ, ಜೋಕೆ."

ಗೊಟ್ಟವನ್ನು ಮೊಳೆಗೆ ಸಿಕ್ಕಿಸಿ ಈಚೆ ಬಂದಳು. ಕೆಂಚಿಯ ಗೂಟದಿಂದ ಹಗ್ಗ ಬಿಚ್ಚುವಾಗ ಅಳು ಒತ್ತರಿಸಿ ಬಂತು. ಆಚೆಯವಳಿಗೆ ಕೇಳಬಾರದೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.